ಕಸ್ತೂರಿಯ ಅಳತೆ

ನಮ್ಮೂರಿನಲ್ಲಿ ಟೇಪು ಹಿಡಿದು ಯಾರೂ ಕಟ್ಟಡ ಕಟ್ಟುವುದಿಲ್ಲ. ಒಬ್ಬ ಜೀವಂತ ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿ, ಹಿಮ್ಮಡಿಯಿಂದ ನೆತ್ತಿಯ ತನಕ ನೂಲು ಹಿಡಿದು, ಆ ನೂಲನ್ನು ಮಡಚಿ ಗಂಟು ಹಾಕಿ, ಬಾಗಿಲಿಗೆ ಇಷ್ಟು, ಕಿಟಕಿಗೆ ಇಷ್ಟು, ಮೆಟ್ಟಿಲಿಗೆ ಇಷ್ಟು ಎಂದು ತೆಗೆದುಕೊಳ್ಳುತ್ತೇವೆ. ನೂಲಿನ ತುದಿಯ ಒಂದು ತುಂಡು ಮೂಲೆಗಲ್ಲಿನ ಕೆಳಗೆ ಹೋಗುತ್ತದೆ. ಅಲ್ಲಿಂದ ಮುಂದೆ ಆ ಮನುಷ್ಯ ಹೇಗೋ ಕಟ್ಟಡವೂ ಹಾಗೆ. ದರ್ಜಿ ಮಾನಪ್ಪನ ಬೆನ್ನು ಬಾಗಿದ ಹಾಗೆಲ್ಲ ಅವನ ಮನೆಯ ಬಾಗಿಲೂ ತಗ್ಗುತ್ತ ಬಂತು. ಎತ್ತರದ ಅಳಿಯ ಮೂರು ಸಲ ಹಣೆ ಒಡೆದುಕೊಂಡು, ಈಗ ಅಂಗಳದಲ್ಲೇ ನಿಂತು ಮಾತಾಡಿಸಿಕೊಂಡು ಹೋಗುತ್ತಾನೆ. ಹೈಸ್ಕೂಲಿಗೆ ಹದಿನೇಳರ ಹುಡುಗನೊಬ್ಬನ ಅಳತೆ ತೆಗೆದಿದ್ದರು. ಅವನು ಸೈನ್ಯ ಸೇರಿ ಎಲ್ಲೋ ದೂರದಲ್ಲಿ ಇನ್ನೂ ನಾಲ್ಕು ಬೆರಳು ಬೆಳೆದ. ಇಲ್ಲಿ ಪಾಠ ನಡೆದಿರುವಾಗಲೇ ಕರಿಹಲಗೆ ನಟ್ಟನಡುವೆ ಸೀಳಿತು. ಆಮೇಲಿನಿಂದ ಇಪ್ಪತ್ತೈದು ದಾಟಿದವರ ಅಳತೆಯನ್ನು ಮಾತ್ರ ತೆಗೆಯಬೇಕೆಂದು ಊರು ಒಪ್ಪಿಕೊಂಡಿತು.

ನಾನು ಗೌಂಡಿ ಭರಮಪ್ಪ. ಗಾರೆ ಕೆಲಸಕ್ಕೆ ಕೈ ಹಚ್ಚಿ ನಲವತ್ತು ವರ್ಷವಾಯಿತು. ಊರಿನ ಅರ್ಧ ಮಂದಿಯ ನೆತ್ತಿಯ ಮೇಲೆ ನನ್ನ ಹೆಬ್ಬೆರಳು ಬಿದ್ದಿದೆ. ನನ್ನ ಕೆಲಸದ ಬಗ್ಗೆ ನನಗೆ ಸೊಕ್ಕಿದೆ ಎಂದು ಮಂದಿ ಹೇಳುತ್ತಾರೆ, ಸುಳ್ಳೇನಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಗೋಡೆಯ ಮೂಲೆ ನೋಡುತ್ತೇನೆ, ಆಮೇಲೆ ಎಲೆ.

ಬಾಲವಾಡಿ, ಮಕ್ಕಳ ದವಾಖಾನೆ, ಸಮುದಾಯ ಭವನ, ಮೂರನ್ನೂ ಸೇರಿಸಿ ಒಂದೇ ಸೂರಿನಡಿ ಕಟ್ಟಲು ಸರಕಾರದ ಮಂಜೂರಾತಿ ಬಂದಾಗ ಊರು ಮೊದಲು ಹಿಗ್ಗಿತು, ಆಮೇಲೆ ತಲೆ ಕೆರೆದುಕೊಂಡಿತು. ಮೂರೂ ಒಂದೇ ಕಟ್ಟಡವೆಂದರೆ ಯಾರ ಅಳತೆ? ಒಂದು ಸೂರಿಗೆ ಎರಡು ನೂಲು ಹಿಡಿಯುವಂತಿಲ್ಲ. ಹಿಂದೆ ಅಣ್ಣತಮ್ಮಂದಿರಿಬ್ಬರು ಹಟ ಹಿಡಿದು ಒಂದೇ ಮನೆಗೆ ಇಬ್ಬರ ಅಳತೆಯನ್ನೂ ಕೊಟ್ಟಿದ್ದರು. ಅಣ್ಣ ಉಬ್ಬಿದ, ತಮ್ಮ ಸೊರಗಿದ. ನಡುವಿನ ಗೋಡೆಗೆ ಯಾರ ಮಾತು ಕೇಳಬೇಕೆಂದೇ ತಿಳಿಯದೆ ಮೂರನೆಯ ವರ್ಷ ಕುಸಿದು ಕೂತಿತು.

ಊರ ಕಮಿಟಿಯ ಅಧ್ಯಕ್ಷ ಸಂಗನಬಸಪ್ಪ ಸಭೆಯಲ್ಲಿ ಎದ್ದು ನಿಂತು ರುಮಾಲು ಸರಿಪಡಿಸಿಕೊಂಡ. "ಅದಕ್ಕ್ಯಾಕ ಇಷ್ಟು ವಿಚಾರ? ನನ್ನ ಅಳತೀನ ತಗೋರಿ. ನಾಳೆ ಅಲ್ಲಿ ಮದಿವಿ, ಮುಂಜಿವಿ ಎಲ್ಲಾ ಆಗಬೇಕು. ಆಳು ನೆಟ್ಟಗದೀನಿ, ಇನ್ನು ಬೆಳಿಯೂದಿಲ್ಲ, ಸದ್ಯಕ್ಕ ಬಾಗೂದೂ ಇಲ್ಲ."

ಬಾಲವಾಡಿಯ ಬಸಲಿಂಗಮ್ಮ ಟೀಚರು ಕೂತಲ್ಲಿಂದಲೇ ಹೇಳಿದರು. "ನಿಮ್ಮ ಅಳತೀಗೆ ಕಟ್ಟಿದ್ರ ನಮ್ಮ ಹುಡುಗ್ರು ಕೈ ತೊಳಿಯಾಕ ನಿಮ್ಮ ಹೆಗಲ ಮ್ಯಾಲ ಹತ್ತಬೇಕಾಗ್ತೈತ್ರಿ, ಅಧ್ಯಕ್ಷರ."

ಸಭೆ ನಕ್ಕಿತು. ಆದರೆ ಟೀಚರು ನಗಲಿಲ್ಲ. ಬಾಲವಾಡಿ ಆಗ ಇದ್ದದ್ದು ಒಬ್ಬ ಪೈಲ್ವಾನನ ಅಳತೆಗೆ ಕಟ್ಟಿದ ಬಾಡಿಗೆ ಮನೆಯಲ್ಲಿ. ಅಲ್ಲಿಯ ಮೆಟ್ಟಿಲು ಮಕ್ಕಳ ಎದೆಗೆ ಬರುತ್ತಿತ್ತು, ಚಿಲಕ ಯಾರ ಕೈಗೂ ಎಟಕುತ್ತಿರಲಿಲ್ಲ. ಪಾಯಖಾನೆಯ ಕಟ್ಟೆ ಹತ್ತಲಾರದೆ ಮಕ್ಕಳು ಅಲ್ಲೇ ಚಡ್ಡಿ ಒದ್ದೆ ಮಾಡಿಕೊಂಡು, ಮೋರೆ ಸಣ್ಣದು ಮಾಡಿಕೊಂಡು ನಿಲ್ಲುತ್ತಿದ್ದವು. ಅದನ್ನೆಲ್ಲ ಟೀಚರು ಒಂದೊಂದಾಗಿ ಹೇಳಿದ ಮೇಲೆ ನಗು ನಿಂತಿತು. ಮಗುವಿನ ಅಳತೆಯೇ ಬೇಕು ಎನ್ನುವುದು ಎಲ್ಲರಿಗೂ ಖಾತ್ರಿಯಾಯಿತು. ಆದರೆ ಮಗು ಬೆಳೆಯುತ್ತದಲ್ಲ! ಹತ್ತು ವರ್ಷಕ್ಕೆ ಸೂರು ಹರಿದು, ಗೋಡೆ ಬಿರಿದು, ಬಾಲವಾಡಿ ಇನ್ನೊಂದು ಪೈಲ್ವಾನನ ಮನೆಯಾಗುತ್ತದೆ. ಇಂಥ ಮಂಜೂರಾತಿ ಒಂದು ತಲೆಮಾರಿಗೆ ಒಮ್ಮೆ ಬಂದರೆ ಹೆಚ್ಚು.

ಆಗ ಸಂಗನಬಸಪ್ಪ ತೊಡೆ ತಟ್ಟಿಕೊಂಡ. "ಬೆಳೀಲಾರದ ಕೂಸು ಒಂದು ನಮ್ಮೂರಾಗ ಐತಲ್ರೀ!"

ಯಾರು ಎಂದು ಯಾರೂ ಕೇಳಲಿಲ್ಲ. ಮಂಡಕ್ಕಿ ಹುರಿಯುವ ಚುರಮರಿ ಭಟ್ಟಿಯ ಹುಲಿಗೆವ್ವನ ಮಗಳು ಕಸ್ತೂರಿ. ವಯಸ್ಸು ಐದು ತುಂಬಿತ್ತು, ಎತ್ತರ ಮೂರು ವರ್ಷದ ಕೂಸಿನದು. ಮೂರರ ತನಕ ಎಲ್ಲ ಮಕ್ಕಳ ಹಾಗೆ ಓಡಾಡಿಕೊಂಡಿದ್ದ ಹುಡುಗಿ ಆಮೇಲೆ ಅಲ್ಲಿಗೇ ನಿಂತುಬಿಟ್ಟಿದ್ದಳು. ತಂದೆ ಇಲ್ಲದ ಕೂಸು. ಇಡೀ ದಿನ ಭಟ್ಟಿಯ ಬೆಂಕಿಗೆ ಅಂಟಿಕೊಂಡು ಕೂತಿರುತ್ತಿದ್ದಳು. ಮಾತು ನಿಧಾನ, ನಡಿಗೆ ನಿಧಾನ. ಬೆಂಕಿಯೆಂದರೆ ಅವಳಿಗೆ ಅಷ್ಟು ಪ್ರೀತಿ ಎಂದು ನಾವು ಅಂದುಕೊಂಡಿದ್ದೆವು. ಅಂಥ ಬುದ್ಧಿವಂತರು ನಾವು.

ನಾನೂ ಸಂಗನಬಸಪ್ಪನೂ ಕೇಳಲು ಹೋದಾಗ ಹುಲಿಗೆವ್ವ ಬಾಣಲೆಯಲ್ಲಿ ಉಸುಕು ತಿರುವುತ್ತಿದ್ದಳು. ಕೇಳಿಸಿಕೊಂಡು ಸೌಟು ಕೆಳಗಿಟ್ಟಳು. ಅಳತೆ ಕೊಟ್ಟವರಿಗೆ ನಮ್ಮೂರಿನಲ್ಲಿ ದೊಡ್ಡ ಮರ್ಯಾದೆ. ಆ ಕಟ್ಟಡದಲ್ಲಿ ಏನೇ ನಡೆದರೂ ಮೊದಲ ಪಂಕ್ತಿಯ ಮೊದಲ ಎಲೆ ಅವರದು.

"ಈ ಕೂಸು ಯಾ ಕೆಲಸಕ್ಕೂ ಬರೂದಿಲ್ಲ ಅಂತಿದ್ರಿ ಎಲ್ಲಾರೂ," ಎಂದಳು. "ಈಗ ಊರಿಗೇ ಬೇಕಾತು. ತಗೋರಿ ಅಳತಿ."

ಮರುದಿನ ಮಟಮಟ ಮಧ್ಯಾಹ್ನ ಅಳತೆ ತೆಗೆದೆ. ನಾನು ಬೆವರಿ ನೀರಾಗಿದ್ದೆ, ಕಸ್ತೂರಿಯ ನೆತ್ತಿ ಮಾತ್ರ ತಣ್ಣಗಿತ್ತು. ನೂಲು ಹಿಡಿದಷ್ಟು ಹೊತ್ತೂ ಅಲುಗಾಡದೆ ನಿಂತಳು.

"ಮುತ್ಯಾ, ಈ ಮನಿ ನಂದೇನು?"

"ನಿಂದವ್ವಾ. ಊರಾಗಿನ ಹುಡುಗರದೆಲ್ಲಾ."

"ಹಂಗಾದ್ರ ನಾ ಚಂದಾಗಿ ನೋಡ್ಕೋತೇನಿ," ಎಂದಳು.

ಏಳು ತಿಂಗಳು ಕಟ್ಟಿದೆವು. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಅಂಗೈ ಅಗಲದಷ್ಟೇ ಎತ್ತರದ ಮೆಟ್ಟಿಲು, ಮೊಣಕಾಲ ಎತ್ತರದ ಕೈತೊಳೆಯುವ ತೊಟ್ಟಿ, ಕೂತ ಮಗುವಿಗೂ ಬೀದಿ ಕಾಣುವಂಥ ಕಿಟಕಿ. ಭವನದ ಬಾಗಿಲಿಗೆ ಅದೇ ನೂಲನ್ನು ಎರಡು ಪಟ್ಟು ಹಿಡಿದೆ, ದೊಡ್ಡವರು ಹೇಗೋ ಒಳಗೆ ಬರಬಹುದಿತ್ತು, ಸಂಗನಬಸಪ್ಪ ಮಾತ್ರ ರುಮಾಲು ಕೈಯಲ್ಲಿ ಹಿಡಿದು ಬರಬೇಕು. ಬಾಲವಾಡಿಯ ಬಾಗಿಲಲ್ಲಿ ಎಲ್ಲ ದೊಡ್ಡವರೂ ನಡು ಬಗ್ಗಿಸಬೇಕು. ಮೊದಲ ದಿನ ಮಕ್ಕಳು ತಾವೇ ಚಿಲಕ ತೆಗೆದು, ತಾವೇ ಮೆಟ್ಟಿಲು ಹತ್ತಿ, ತಾವೇ ನಲ್ಲಿ ತಿರುಗಿಸಿ ಕೈ ತೊಳೆದವು. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದು ತೊಟ್ಟಿಯ ನೀರೆಲ್ಲ ಖಾಲಿ ಮಾಡಿದವು. ಬಸಲಿಂಗಮ್ಮ ಟೀಚರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಹೊಗೆಸೊಪ್ಪು ಉಗುಳುವ ನೆಪದಲ್ಲಿ ಹೊರಗೆ ಬಂದೆ.

ದವಾಖಾನೆಯ ಕೋಣೆಗೆ ಫ್ಲೋರಿನ್ ಸಿಸ್ಟರ್ ಬಂದರು. ಬೇರೆ ಕಡೆಯವರು. ಮೊದಲ ದಿನವೇ ಚೀಲದಿಂದ ಟೇಪು ಹೊರಗೆ ತೆಗೆದರು. ಟೀಚರು ಓಡಿಹೋಗಿ ಬಾಗಿಲು ಹಾಕಿದರು, ಬೀದಿಯಲ್ಲಿ ಯಾರಾದರೂ ಕಂಡಾರೆಂದು. ಸಿಸ್ಟರ್ ಅದ್ಯಾವುದನ್ನೂ ಗಮನಿಸದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಳೆದು, ತೂಗಿ, ಒಂದೊಂದು ಕಾರ್ಡಿನಲ್ಲಿ ಬರೆದರು. ಕಸ್ತೂರಿಯ ಸರದಿ ಬಂದಾಗ ಬರೆಯುವುದನ್ನು ನಿಲ್ಲಿಸಿದರು. ಅವಳ ಕೈ ಹಿಡಿದು ನೋಡಿದರು, ಚರ್ಮ ಸವರಿದರು, ಕುತ್ತಿಗೆ ಮುಟ್ಟಿದರು. "ಈ ಮಗುವಿಗೆ ಯಾವಾಗಲೂ ಚಳೀನಾ?" ಎಂದು ಕೇಳಿದರು. ಮನೆಯಲ್ಲಿದ್ದಾಗ ಭಟ್ಟಿಯ ಬೆಂಕಿ ಬಿಟ್ಟು ಏಳುವುದಿಲ್ಲ ಎಂದು ಟೀಚರು ಹೇಳಿದರು.

ರಕ್ತ ಜಿಲ್ಲಾ ಆಸ್ಪತ್ರೆಗೆ ಹೋಯಿತು, ಹದಿನೈದು ದಿನಕ್ಕೆ ಕಾಗದ ಬಂತು. ಕುತ್ತಿಗೆಯೊಳಗಿನ ಒಂದು ಗ್ರಂಥಿ ಕೆಲಸ ನಿಲ್ಲಿಸಿದೆ, ಅದಕ್ಕೇ ಮಗು ಬೆಳೆದಿಲ್ಲ, ದಿನಾ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಂದು ಗುಳಿಗೆ ಕೊಟ್ಟರೆ ಸಾಕು ಎಂದು ಸಿಸ್ಟರ್ ಹೇಳಿದರು. "ಬಿಟ್ಟರೆ ಎತ್ತರ ಒಂದೇ ಅಲ್ಲ, ಎಲ್ಲಾ ಕುಂಠಿತ ಆಗುತ್ತೆ. ಕೊಟ್ಟರೆ ಮೂರು ತಿಂಗಳಲ್ಲಿ ನೀವೇ ನೋಡ್ತೀರಿ. ನಿಂತುಹೋಗಿದ್ದನ್ನೂ ಸೇರಿಸಿ ಬೆಳೀತಾಳೆ." ಅಷ್ಟು ಸಂತೋಷದ ಸುದ್ದಿ ಹೇಳಿದ ಮೇಲೆ ಕಮಿಟಿಯವರು ಯಾಕೆ ಹೀಗೆ ಮುಖ ಇಳಿಬಿಟ್ಟು ಕೂತಿದ್ದಾರೆಂದು ಪಾಪ ಅವರಿಗೆ ತಿಳಿಯಲಿಲ್ಲ.

"ಸಿಸ್ಟರ್," ಎಂದ ಸಂಗನಬಸಪ್ಪ, "ಒಂದೆರಡು ವರ್ಷ ತಡದ್ರ ನಡಿಯೂದಿಲ್ಲೇನ್ರಿ? ಕಟ್ಟಡ ಇನ್ನೂ ಹಸೀ ಐತಿ."

ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಒಂದು ದಿನವೂ ತಡೆಯೋಕೆ ಆಗಲ್ಲ," ಎಂದು ಹೇಳಿ ಕಾರ್ಡಿನ ಮೇಲೆ ತಾರೀಖು ಬರೆದರು.

ಈಗ ನನ್ನ ತಪ್ಪು ಹೇಳಬೇಕು. ಹುಲಿಗೆವ್ವನಿಗೆ ಹೇಳಿ ಬಾ ಎಂದು ಸಂಗನಬಸಪ್ಪ ನನ್ನನ್ನು ಒತ್ತಾಯ ಮಾಡಿದ ಎಂದು ಹೇಳಿ ಪಾರಾಗಬಹುದು. ಅವನು ಹೇಳಿದ್ದೂ ನಿಜ. ಆದರೆ ಅವನು ಹೇಳದಿದ್ದರೂ ನಾನು ಹೋಗುತ್ತಿದ್ದೆನೋ ಏನೋ. ಆ ಗೋಡೆಗಳು ನನ್ನ ಕೈಯಲ್ಲಿ ಹುಟ್ಟಿದವು. ಅವು ಬಿರಿಯುವುದನ್ನು ನೆನೆಸಿಕೊಂಡು ನಡುರಾತ್ರಿ ಎದ್ದು ಕೂರುತ್ತಿದ್ದೆ. ಮೂವತ್ತು ಮಕ್ಕಳಿಗೆ ಮತ್ತೆ ನಲ್ಲಿ ಎಟಕುವುದಿಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಭಟ್ಟಿಯ ಹತ್ತಿರ ಹೋದೆ. ಕಸ್ತೂರಿ ಚೀಲದ ಮೇಲೆ ಮುದುರಿಕೊಂಡು ಮಲಗಿದ್ದಳು.

"ಹುಲಿಗೆವ್ವಾ," ಎಂದೆ, "ಆ ಗುಳಿಗಿ ಇಷ್ಟು ಲಗೂನ ಸುರು ಮಾಡಬ್ಯಾಡ. ಮಳಿಗಾಲ ಒಂದು ದಾಟ್ಲಿ. ಗಾರಿ ಗಟ್ಟಿ ಆಗ್ಲಿ. ಈಗ ಇಕಿ ಬೆಳದ್ರ ಸಾಲಿ ಒಡೀತೈತಿ. ಇಷ್ಟು ಹುಡುಗರ ಸಾಲಿ."

ಅವಳು ಬಾಣಲೆಯಿಂದ ಕಣ್ಣೆತ್ತಲಿಲ್ಲ. ಚುರಮರಿ ಚಟಪಟ ಅರಳುತ್ತಿತ್ತು. ಅದು ನಿಂತ ಮೇಲೆ, "ಹೂಂ," ಎಂದಳು. ನಾನು ಹಗುರಾದವನಂತೆ ಎದ್ದು ಬಂದೆ, ಆದರೆ ಹಗುರಾಗಿರಲಿಲ್ಲ.

ಅಲ್ಲಿಂದ ದಿನಾ ಬಾಲವಾಡಿಗೆ ಹೋಗತೊಡಗಿದೆ. ನೆಪ, ಕಟ್ಟಡ ಹೇಗಿದೆ ನೋಡುವುದು. ಮೂಲೆ ಮುಟ್ಟಿ ನೋಡುತ್ತಿದ್ದೆ, ಕಿಟಕಿಯ ಸಂದಿಗೆ ಬೆರಳಿಟ್ಟು ನೋಡುತ್ತಿದ್ದೆ. ಕೂದಲೆಳೆಯಷ್ಟೂ ಕದಲಿರಲಿಲ್ಲ. ಹುಲಿಗೆವ್ವ ನನ್ನ ಮಾತು ನಡೆಸಿಕೊಟ್ಟಿದ್ದಾಳೆ ಎಂದುಕೊಂಡೆ. ಸಂಗನಬಸಪ್ಪ ಬೆನ್ನು ಚಪ್ಪರಿಸಿದ. ನನಗೆ ಮಾತ್ರ ಆ ಗಟ್ಟಿ ಗೋಡೆ ನೋಡಿದಷ್ಟೂ ಸಂಕಟವಾಗುತ್ತಿತ್ತು. ಬೇರೆ ಮಕ್ಕಳು ಕುಣಿಯುವಾಗ ಕಸ್ತೂರಿ ಬಿಸಿಲು ಬೀಳುವ ಕಿಟಕಿಯ ಕೆಳಗೆ ಕೂತು, ಗೋಡೆಗೆ ಅಂಗೈ ಒತ್ತಿಕೊಂಡಿರುತ್ತಿದ್ದಳು. ಎರಡು ತಿಂಗಳಿಗೆ ಸಿಸ್ಟರ್ ಮತ್ತೆ ಅಳೆದರು. ಕಾರ್ಡಿನ ಮೇಲಿನ ಗೆರೆ ಅಡ್ಡವಾಗಿ ಮಲಗಿತ್ತು. "ಗುಳಿಗೆಯ ಪ್ರಮಾಣ ಸಾಲ್ತಾ ಇಲ್ಲವೇನೋ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ನೆಲ ನೋಡುತ್ತ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅದಾಗಿ ಮೂರನೆಯ ದಿನ ಕೈತೊಳೆಯುವ ತೊಟ್ಟಿಯ ಕೆಳಗೆ ಗೋಡೆ ಒಸರುತ್ತಿದೆ ಎಂದು ಟೀಚರು ಕರೆಸಿದರು. ನಲ್ಲಿಯ ಕೊಳವೆ ಗೋಡೆಯೊಳಗೆ ಹೋಗುವ ಕಡೆ ಸಣ್ಣ ಸಂದಿ ಇತ್ತು. ಕಡ್ಡಿ ಹಾಕಿ ಕೆದಕಿದೆ. ಬಿಳಿಯದೊಂದು ಉದುರಿತು, ಆಮೇಲೆ ಇನ್ನೊಂದು. ಕೆಲವು ನೀರು ಕುಡಿದು ಉಬ್ಬಿದ್ದವು, ಕೆಲವು ಹಿಟ್ಟಾಗಿದ್ದವು. ಗುಳಿಗೆಗಳು. ಎಷ್ಟೋ ಇದ್ದವು.

ಹಿಂದೆ ಯಾರೋ ನಿಂತ ಹಾಗಾಯಿತು. ಕಸ್ತೂರಿ.

"ತಗೀಬ್ಯಾಡ ಮುತ್ಯಾ," ಎಂದಳು. "ಅಲ್ಲೇ ಇರ್ಲಿ."

"ಯಾರವ್ವಾ ಇವನ್ನ ಇಲ್ಲಿ ತುರುಕಿದವರು?"

"ನಾನ. ಅವ್ವ ಮುಂಜಾನೆ ಕೈಯಾಗ ಕೊಡ್ತಾಳ, ನುಂಗು ಅಂತಾಳ. ಅಕಿ ಬೆಂಕಿ ಹಚ್ಚೂಮುಂದ ನಾ ಲಂಗದ ಚುಂಗಿಗೆ ಕಟ್ಕೋತೇನಿ." ಒಂದೊಂದೇ ಮಾತನ್ನು ಜೋಡಿಸಿ ಹೇಳುತ್ತಿದ್ದಳು. "ನಾ ಬೆಳದ್ರ ಸಾಲಿ ಒಡೀತೈತಂತ ನೀನ ಹೇಳಿದ್ದಿ. ಅವತ್ತು ನಾ ಮಲಗಿರಲಿಲ್ಲ."

ಮೆಚ್ಚುಗೆಗೆ ಕಾದವಳ ಹಾಗೆ ನನ್ನ ಮುಖ ನೋಡಿದಳು. ಇಷ್ಟು ದಿನ ಆ ಕೂಸು ಆ ಗೋಡೆಯನ್ನು ತಾನೊಬ್ಬಳೇ ಹೊತ್ತುಕೊಂಡು ಕೂತಿತ್ತು. ಹೊರಿಸಿದವನು ನಾನು.

ಹೇಳಿ ಕೆಡಿಸಿದ್ದೇ ಸಾಕಾಗಿತ್ತು. ಚೀಲದಿಂದ ಉಳಿ, ಸುತ್ತಿಗೆ ತೆಗೆದೆ. ಬಾಲವಾಡಿಯ ಎದುರು ಗೋಡೆ, ಎಲ್ಲಕ್ಕಿಂತ ನುಣುಪಾಗಿ ಬಂದದ್ದು, ಊರಿಗೆ ಬಂದವರಿಗೆಲ್ಲ ನಾನು ಕೈಹಿಡಿದು ಕರೆತಂದು ತೋರಿಸುತ್ತಿದ್ದದ್ದು. ಅದರ ನಡುವೆ ಉಳಿಯಿಟ್ಟು ಹೊಡೆದೆ. ಗಾರೆ ಹಾರಿತು. ಟೀಚರು ಚೀರಿಕೊಂಡು ಓಡಿ ಬಂದರು. ಮಕ್ಕಳು ಕುಣಿಯುವುದು ಬಿಟ್ಟು ಸುತ್ತ ನೆರೆದವು. ನಾನು ನಿಲ್ಲಿಸಲಿಲ್ಲ. ಇಟ್ಟಿಗೆ ಕಿತ್ತು, ಆಚೆಯ ಬೆಳಕು ಕಾಣುವ ತನಕ ಹೊಡೆದೆ.

"ಒಡೀತಲ್ಲ ಕಸ್ತೂರಿ. ಸಾಲಿ ಬಿತ್ತೇನು?"

ಅವಳು ಸೂರು ನೋಡಿದಳು, ನೆಲ ನೋಡಿದಳು, ಗೋಡೆಯ ತೂತಿನಿಂದ ಹೊರಗೆ ನೋಡಿದಳು. "ಇಲ್ಲ."

ಗಾರೆ ಕಲಸಿದೆ. ಅವಳ ಕಣ್ಣೆದುರಿಗೇ ಇಟ್ಟಿಗೆ ಕೂರಿಸಿ, ಮೆತ್ತಿ, ತೇಪೆ ಹಾಕಿದೆ. ಅವಸರಕ್ಕೆ ಚೆನ್ನಾಗಿ ಬರಲಿಲ್ಲ.

"ಗ್ವಾಡಿ ಒಡದ್ರ ಹಚ್ಚಾಕ ನಾ ಅದೀನಿ. ನಲವತ್ತು ವರ್ಷದಿಂದ ಅದನ್ನ ಮಾಡೇನಿ. ನೀ ಬೆಳೀಲಿಲ್ಲ ಅಂದ್ರ ಹಚ್ಚಾಕ ನನ್ನ ಹತ್ರ ಏನೂ ಇಲ್ಲವ್ವಾ. ನಾ ಅವತ್ತು ತಪ್ಪು ಹೇಳಿದ್ದೆ."

ಅವಳನ್ನು ಎತ್ತಿಕೊಂಡು ಭಟ್ಟಿಗೆ ಹೋದೆ. ಇದ್ದದ್ದು ಇದ್ದ ಹಾಗೆ ಹುಲಿಗೆವ್ವನಿಗೆ ಹೇಳಿದೆ, ಗುಳಿಗೆ ಕೊಡಬೇಡ ಎಂದು ನಿನಗೆ ಹೇಳಿದ ಪಾಪ ನನ್ನ ತಲೆಯ ಮೇಲಿದೆ ಎಂದೆ. ಅವಳು ಬಾಣಲೆ ಕೆಳಗಿಟ್ಟಳು.

"ನಾ ಯಾವಾಗ ನಿಲ್ಲಿಸಿದ್ದೆ? ನೀವು ದೊಡ್ಡವರು, ಬಂದು ಹೇಳಿದ್ರಿ, ಹೂಂ ಅಂದೆ. ಮರುದಿನದಿಂದ ದಿನಾ ಕೊಟ್ಟೇನಿ. ನಿಮ್ಮ ಗ್ವಾಡಿ ಉಳೀಲಿ ಅಂತ ನನ್ನ ಮಗಳು ಗಿಡ್ಡ ಉಳೀಬೇಕೇನು?" ಅವಳ ದನಿ ಏರಿತು. "ಇಷ್ಟು ದಿನ ಔಷಧಾನ ನಾಟಲಿಲ್ಲಲ್ಲ, ನನ್ನ ಹಣೆಬರಾನ ಇಷ್ಟು ಅಂತ ಅತ್ತೇನಿ ನಾನು!"

ನಾನು ತಲೆ ತಗ್ಗಿಸಿದೆ. ಬೈಯಲಿ, ಕೈಯಲ್ಲಿದ್ದ ಸೌಟಿನಿಂದ ಬಾರಿಸಲಿ ಎಂದು ಕಾದೆ.

"ನಿಮ್ಮ ಮ್ಯಾಲ ಸಿಟ್ಟು ಬಾಳ ಐತಿ," ಎಂದಳು. "ಅದು ಆಮ್ಯಾಲ. ಮೊದಲು ಇಕಿಗೆ ಗುಳಿಗಿ ನುಂಗಸ್ರಿ. ನಿಮ್ಮ ಮಾತು ಕೇಳ್ತಾಳ."

ಕಸ್ತೂರಿ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟುಕೊಂಡು, ಒಂದು ಸಲ ನನ್ನನ್ನು ನೋಡಿ, ನೀರು ಕುಡಿದಳು. ಬಾಯಿ ತೆರೆದು ತೋರಿಸಿದಳು. ಅಲ್ಲಿಂದ ದಿನಾ ಬೆಳಿಗ್ಗೆ ನಾನೇ ಹೋಗಿ ನಿಲ್ಲುತ್ತಿದ್ದೆ, ಅವಳು ದಿನಾ ಬಾಯಿ ತೆರೆದು ತೋರಿಸುತ್ತಿದ್ದಳು. ಸಂಗನಬಸಪ್ಪನಿಗೂ ಹೇಳಿದೆ. ಅವನು ನನ್ನ ಜೊತೆ ಮಾತು ಬಿಟ್ಟ. ಬಸಲಿಂಗಮ್ಮ ಟೀಚರು ಗೋಡೆಯ ತೇಪೆ ಸವರಿ ನೋಡಿ, "ತೊಟ್ಟಿ ಎತ್ತರ ಆದ್ರ ಮಣೆ ಇಟ್ರಾತು ಬಿಡ್ರಿ," ಎಂದರು. ಮೂವತ್ತು ಮಣೆ ಮಾಡಿಸಲು ಬಡಗಿಗೆ ಹೇಳಿ ಬಂದೆ.

ಮೊದಲು ಬೆವರು ಬಂತು. ಒಂದು ದಿನ ಕಸ್ತೂರಿ ಭಟ್ಟಿಯಿಂದ ಮಾರುದ್ದ ದೂರ ಹೋಗಿ ಕೂತು, "ಅವ್ವಾ, ಧಗಿ," ಎಂದಳಂತೆ. ಹುಲಿಗೆವ್ವ ಅದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಮಾತು ಚುರುಕಾಯಿತು, ಜಗಳವೂ ಚುರುಕಾಯಿತು. ಫ್ಲೋರಿನ್ ಸಿಸ್ಟರ್ ಕಾರ್ಡು ಹಿಡಿದು ಕೋಣೆಯಿಂದ ಕೋಣೆಗೆ ಓಡಾಡಿ ಎಲ್ಲರಿಗೂ ತೋರಿಸಿದರು. ಮಲಗಿದ್ದ ಗೆರೆ ತಲೆ ಎತ್ತಿತ್ತು. ಕಟ್ಟಡ ಮೊದಮೊದಲು ಲಟಲಟ ಎನ್ನುತ್ತಿತ್ತು, ನಾವು ಉಸಿರು ಹಿಡಿದು ಕೇಳುತ್ತಿದ್ದೆವು. ಯಾರಿಗೂ ಕೆಲಸ ಸಾಗುತ್ತಿರಲಿಲ್ಲ.

ನಾಲ್ಕನೆಯ ತಿಂಗಳು, ಭವನದಲ್ಲಿ ಕಮಿಟಿಯ ಸಭೆ ಸೇರಿದ್ದಾಗ, ಬಾಲವಾಡಿಯ ಕಡೆಯಿಂದ ದೊಡ್ಡ ಸದ್ದು ಬಂತು. ಎಲ್ಲರೂ ಎದ್ದು ಓಡಿದೆವು. ಕಿಟಕಿಯ ಮೂಲೆಯಿಂದ ಸೂರಿನ ತನಕ ಗೋಡೆ ಸೀಳಿತ್ತು. ಮಕ್ಕಳು ಟೀಚರ ಹಿಂದೆ ಗುಂಪುಗೂಡಿದ್ದವು. ಕಸ್ತೂರಿ ಒಬ್ಬಳೇ ಆ ಸೀಳಿನ ಎದುರಿಗೆ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಹುಲಿಗೆವ್ವ ಸುದ್ದಿ ಕೇಳಿ, ಕೈಗೆಲ್ಲ ಮಸಿ ಮೆತ್ತಿಕೊಂಡೇ ಓಡಿ ಬಂದು ಬಾಗಿಲಲ್ಲಿ ನಿಂತಳು. ಸಂಗನಬಸಪ್ಪ ಬಾಯಿ ತೆರೆದ. ಆ ಮಗುವನ್ನು ನೋಡಿ ಹಾಗೆಯೇ ಮುಚ್ಚಿದ.

"ಮುತ್ಯಾ," ಎಂದಳು ಕಸ್ತೂರಿ. "ಇದನ್ನ ನಾ ಮಾಡಿದ್ನೇನು?"

ಎಲ್ಲರೂ ನನ್ನನ್ನು ನೋಡಿದರು.

"ಹೌದವ್ವಾ. ನೀನ ಮಾಡಿದ್ದು."

ಅವಳು ಹತ್ತಿರ ಹೋಗಿ ಸೀಳಿನೊಳಗೆ ಬೆರಳು ತೂರಿಸಿದಳು. ಎರಡು ಗೆಣ್ಣಿನ ತನಕ ಹೋಯಿತು. ಹೊರಗೆ ತೆಗೆದು, ಬೆರಳಿಗೆ ಹತ್ತಿದ ಸುಣ್ಣ ನೋಡಿದಳು, ಅವ್ವನನ್ನು ನೋಡಿದಳು. ಹುಲಿಗೆವ್ವ ಅಳುತ್ತಲೇ ನಗುತ್ತಿದ್ದಳು. ಅದನ್ನು ಕಂಡ ಮೇಲೆ ಹುಡುಗಿಯ ಮುಖ ಅರಳಿತು.

"ಇನ್ನೂ ದೊಡ್ಡದು ಮಾಡ್ತೇನಿ," ಎಂದಳು.

ಸಂಗನಬಸಪ್ಪ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತ. ನಾನು ಚೀಲದಿಂದ ಕರಣೆ ತೆಗೆದುಕೊಂಡೆ.

"ಮಾಡವ್ವಾ," ಎಂದೆ.